ಹಳೇ 407ಕ್ಕೆ ದೊಡ್ಡ ಹೌಸಿಂಗ್: ಎರಡೂವರೆ ವರ್ಷ, 38 ಸಾವಿರ ಕಿ.ಮೀ.

ಗದಗಿನಲ್ಲಿ ನಮ್ಮದು ಉಳ್ಳಾಗಡ್ಡಿ, ಒಣಮೆಣಸಿನಕಾಯಿ ಸಾಗಿಸುವ ಒಂದೇ ಒಂದು ಗಾಡಿ. ಹಳೇ ಟಾಟಾ 407ರ ಚಾಸಿ ಬಿಚ್ಚಿ ಹೊಸದಾಗಿ ಕಟ್ಟಿಸುವಾಗ ಹಿಂದಿನ ಆಕ್ಸಲ್ ತೆಗೆಸಿ, ದೊಡ್ಡ ಗಾಡಿಯಿಂದ ಇಳಿಸಿದ ದಪ್ಪ ಹೌಸಿಂಗನ್ನು (ಆಕ್ಸಲ್ಲಿನ ಹೊರಕವಚ, ಒಳಗಿನ ಹಲ್ಲು-ಬೇರಿಂಗ್ ಸಹಿತ) ಬ್ರೇಕ್ ಡ್ರಮ್ ಸಮೇತ ಹಾಕಿಸಿದೆ. ಕೆಲಸ ಮಾಡಿದ್ದು ಹುಬ್ಬಳ್ಳಿಯ ಒಂದು ಗ್ಯಾರೇಜು. ಹೆಸರು ಬೇಡ ಬಿಡಿ, ಅರ್ಧ ಹೊಗಳಬೇಕು, ಅರ್ಧ ಬಯ್ಯಬೇಕು.

ಹೌಸಿಂಗ್ ಮಾತ್ರ ಗಟ್ಟಿ. ಎಣ್ಣೆ ಸೋರಿಲ್ಲ, ಬೇರಿಂಗ್ ಕೂಗಿಲ್ಲ. ಗಾಲಿ ತಿರುಗಿಸುವ ಹಲ್ಲುಚಕ್ರದ ಜೋಡಿ, ಅಂದರೆ ಕ್ರೌನ್-ಪಿನಿಯನ್, ಹಳೆಯದರ ಹಲ್ಲು 37ಕ್ಕೆ 9 ಇತ್ತು, ಇದು 41ಕ್ಕೆ 8. ಓಟ ಕಡಿಮೆ, ಎಳೆತ ಹೆಚ್ಚು. ಅಂಕೋಲೆಯಿಂದ ಲೋಡ್ ಹೊತ್ತು ಬರುವಾಗ ಅರಬೈಲ್ ಘಟ್ಟದಲ್ಲಿ ಮೊದಲಿನ ಹಾಗೆ ಏದುಸಿರು ಬಿಡುವುದಿಲ್ಲ. ಆದರೆ ಸ್ಪೀಡೋಮೀಟರ್ ಕೇಬಲ್ ಇರುವುದು ಗೇರ್‌ಬಾಕ್ಸಿಗೆ, ಹಿಂದೆ ಹಲ್ಲು ಬದಲಾದದ್ದು ಅದಕ್ಕೇನು ಗೊತ್ತು? 60 ತೋರಿಸಿದರೆ ನಿಜವಾಗಿ 48. ಮೇಲೆ ಬರೆದ 38 ಸಾವಿರವೂ ಮೀಟರಿನ ಲೆಕ್ಕವೇ, ಖರೆ ಓಡಿದ್ದು 30 ಸಾವಿರದ ಚಿಲ್ಲರೆ. ಟೈರು ಅವೇ ಆದರೂ ಹಿಂದಿನ ಗಾಲಿಯ ಡಿಸ್ಕಿನ (ಟೈರು ಕೂರುವ ಉಕ್ಕಿನ ಚಕ್ರ) ಬೋಲ್ಟ್ ಬೇರೆ, ಹಾಗಾಗಿ ಎರಡು ಸ್ಟೆಪ್ನಿ ಹೊತ್ತು ತಿರುಗುತ್ತೇನೆ. ಡೀಸೆಲ್ ಖರ್ಚಿನ ಮಾತು ಬೇಡ.

ಬಯ್ಯಬೇಕಾದದ್ದು ಬ್ರೇಕಿಗೆ. ಮೊದಲ ಮುಂಗಾರು, ಅಮರಗೋಳ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಇಳಿಸಿ ಖಾಲಿ ಬರುತ್ತಿದ್ದೆವು. ಅಣ್ಣಿಗೇರಿ ದಾಟಿದ ಮೇಲೆ ಟ್ರ್ಯಾಕ್ಟರ್ ಗಾಲಿ ತಂದು ಹಾಕಿದ ಎರಿ ಮಣ್ಣು ರಸ್ತೆ ತುಂಬ. ಎಮ್ಮೆ ಅಡ್ಡ ಬಂತೆಂದು ಡ್ರೈವರ್ ಬ್ರೇಕ್ ಒತ್ತಿದ, ಹಿಂದಿನ ಗಾಲಿ ಗಪ್ಪನೆ ಹಿಡಿದು ಗಾಡಿ ಅಡ್ಡಡ್ಡ ನಿಂತಿತು. ಎಮ್ಮೆ ಉಳಿಯಿತು. "ಅಣ್ಣಾರ, ಗಾಡಿ ನಿಲ್ತೇತ್ರಿ, ಆದ್ರ ಹಿಂದಿಂದು ಮುಂದ ಬರ್ತೇತಿ" ಎಂದ ಅವನು.

ಗ್ಯಾರೇಜಿನವರು ಬ್ರೇಕ್ ಲೈನರ್ ಹೊಸದು, ಪಳಗಲಿ ಎಂದರು. ಮೂರು ತಿಂಗಳು ಪಳಗಿಸಿದೆ. ಕೊನೆಗೆ ನಾನೇ ಕೆಳಗೆ ಮಲಗಿ ನೋಡಿದೆ. ಭಾರ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಒಂದು ಹಾಕಿಸಿದ್ದೆ. ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರ ಕಡಿಮೆಯಾದರೆ ಲೋಡ್ ಇದೆ ಎಂದು ತಿಳಿದು ಒತ್ತಡ ಪೂರ್ತಿ ಬಿಡುತ್ತದೆ, ಹೆಚ್ಚಾದರೆ ತಡೆಯುತ್ತದೆ. ದಪ್ಪ ಹೌಸಿಂಗಿನ ಮೇಲೆ ಅದರ ಸರಳಿನ ಬ್ರಾಕೆಟ್ಟನ್ನು ಒಂದು ಇಂಚು ಎತ್ತರಕ್ಕೆ ವೆಲ್ಡ್ ಮಾಡಿಬಿಟ್ಟಿದ್ದರು. ಖಾಲಿ ಗಾಡಿಯೂ ಅದರ ಕಣ್ಣಿಗೆ ಸದಾ ತುಂಬಿದ ಗಾಡಿ! ಒತ್ತಡ ಪೂರ್ತಿ ಬಿಟ್ಟು ಹಗುರ ಗಾಲಿ ಹಿಡಿಸುತ್ತಿತ್ತು. ಬ್ಯಾಡಗಿಗೆ ಮೆಣಸಿನಕಾಯಿ ಹಾಕಿದಾಗಲೂ ಇದೇ ಪಾಡು. ಚೀಲ ಮುಗಿಲು ಮುಟ್ಟುತ್ತವೆ, ಹಗುರ ಮಾಲಿಗೆ ಪಾಟಾ (ಸ್ಪ್ರಿಂಗ್ ಪಟ್ಟಿ) ಮಾತ್ರ ಬಾಗುವುದಿಲ್ಲ.

ಸರಳು ಕಡಿಮೆ ಮಾಡಿಸಿದ ಮೇಲೆ ಮಳೆಯಲ್ಲೂ ನೆಟ್ಟಗೆ ನಿಲ್ಲುತ್ತದೆ. ಪೆಡಲ್ ಆಳಕ್ಕೆ ಹೋಗುವುದು ಬೇರೆ ತಲೆನೋವಾಗಿತ್ತು. ಡ್ರಮ್ಮಿನೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ 1 ಇಂಚಿನಿಂದ ಒಂದೂಕಾಲು ಇಂಚಿಗೆ ಹೋದರೆ ಬ್ರೇಕ್ ಎಣ್ಣೆ ಒಂದೂವರೆ ಪಟ್ಟಿಗಿಂತ ಹೆಚ್ಚು ಬೇಕು, ಪೆಡಲಿನಿಂದ ಆ ಎಣ್ಣೆ ದೂಡುವ ಮಾಸ್ಟರ್ ಸಿಲಿಂಡರ್ ಹಳೆಯದೇ ಇಟ್ಟಿದ್ದರು. ಬದಲಿಸಿದೆ.

ಇಂಥ ಹೌಸಿಂಗ್ ಹಾಕಿಸುವವರು, ಆಕ್ಸಲ್ಲನ್ನು ಪಾಟಾಕ್ಕೆ ಬಿಗಿಯುವ ಹಳೇ ಯು-ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ, 500 ಕಿ.ಮೀ. ಆದ ಮೇಲೆ ಹೊಸವನ್ನೂ ಒಮ್ಮೆ ಬಿಗಿ ಮಾಡಿಸಿ. ಗಾಡಿಯಲ್ಲಿ ಮಾಡುವ ಬದಲಾವಣೆ ಕುರಿತ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕಾರಣ ಆರ್‌ಟಿಒ ಮಾತು ಸ್ಪ್ಯಾನರ್ ಹಿಡಿಯುವ ಮೊದಲೇ ಮುಗಿಸಿ.

ಹೌಸಿಂಗಿಗೆ ಐದಕ್ಕೆ ನಾಲ್ಕೂವರೆ, ಕೂಡಿಸಿದ ಕೈಗೆ ಎರಡು. ಆ ಬ್ರಾಕೆಟ್ಟಿಗೆ ಹಳದಿ ಬಣ್ಣ ಬಳಿದು ಅಳತೆ ಬರೆಸಿದ್ದೇನೆ, ಮುಂದೆ ಪಾಟಾ ಬಿಚ್ಚುವವರಿಗೆ ಕಾಣಲಿ ಎಂದು.