ಕ್ರ್ಯಾಗ್ ಸ್ಟ್ರಿಪ್: ಹತ್ತು ನಿಮಿಷದ ಪರೀಕ್ಷೆ, ಅದರ ಹಿಂದುಮುಂದಿನ ಕೆಲಸ

ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಮಿದುಳಿನ ಹೊದಿಕೆಗೆ ಇಳಿದು ತಲೆನೋವು ಶುರುವಾಗುವುದಕ್ಕೆ ವಾರಗಳ ಮೊದಲೇ ಅದರ ಪ್ರತಿಜನಕ (ಆಂಟಿಜೆನ್, ಶಿಲೀಂಧ್ರದ ಗುರುತಿನ ಅಂಶ) ರಕ್ತದಲ್ಲಿ ಸಿಗುತ್ತದೆ. ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ತೀರಾ ಇಳಿದ ಎಚ್‌ಐವಿ ಸೋಂಕಿತರ ಜೀವ ಉಳಿಸಲು ಸಿಗುವ ಸಮಯ ಇದೇ. ಇಮ್ಮಿ ಕಂಪನಿಯ ಕ್ರ್ಯಾಗ್ (ಕ್ರಿಪ್ಟೋಕಾಕಲ್ ಆಂಟಿಜೆನ್) ಲ್ಯಾಟರಲ್ ಫ್ಲೋ ಸ್ಟ್ರಿಪ್ ಆ ಸಮಯದಲ್ಲೇ ರೋಗವನ್ನು ಹಿಡಿಯುತ್ತದೆ. ಸರಿಯಾಗಿ ಬಳಸಿದರೆ ಇದರಷ್ಟು ನಂಬಿಕೆಗೆ ಅರ್ಹವಾದ ಕ್ಷಿಪ್ರ ಪರೀಕ್ಷೆಗಳು ಕಡಿಮೆ. ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2011ರಲ್ಲಿ.

ಮುಂಬೈ, ಪುಣೆಯ ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಗಳಲ್ಲಿ ಕೆಲಸ ಮಾಡುವ ಕನ್ನಡದ ಲ್ಯಾಬ್ ತಂತ್ರಜ್ಞರು, ನರ್ಸ್‌ಗಳು, ಆಪ್ತಸಮಾಲೋಚಕರಿಗಾಗಿ ಈ ವಿಮರ್ಶೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ದುಡಿಯಲು ಬಂದು, ಮಾತ್ರೆ ಬಿಟ್ಟು, ಕಾಯಿಲೆ ಜೋರಾದ ಮೇಲೆ ಮರಳಿ ಬರುವವರೇ ಈ ಪರೀಕ್ಷೆ ಮೊದಲು ಆಗಬೇಕಾದವರು.

ಯಾರಿಗೆ ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಿಡಿ4 100ಕ್ಕಿಂತ ಕಡಿಮೆ ಇರುವ ವಯಸ್ಕರು ಮತ್ತು ಹದಿಹರೆಯದವರಿಗೆ ಖಂಡಿತ, 200ರವರೆಗೆ ಇರುವವರಿಗೂ ಮಾಡಬಹುದು. ಹೊಸದಾಗಿ ಪತ್ತೆಯಾದವರಷ್ಟೇ ಅಲ್ಲ, ಚಿಕಿತ್ಸೆ ನಿಲ್ಲಿಸಿ ಮತ್ತೆ ಶುರು ಮಾಡುವವರೂ ಇದರಲ್ಲಿ ಸೇರುತ್ತಾರೆ. ಎರಡನೆಯ ಗುಂಪನ್ನು ಮರೆಯುವುದೇ ಹೆಚ್ಚು. ಆದರೆ ಹಿಂದೆ ಕ್ರಿಪ್ಟೋಕಾಕಲ್ ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಉರಿಯೂತ) ಆಗಿದ್ದವರ ರಕ್ತದಲ್ಲಿ ಪ್ರತಿಜನಕ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅವರಿಗೆ ಈ ಸ್ಕ್ರೀನಿಂಗ್ ಉಪಯೋಗವಿಲ್ಲ, ಗುಣವಾಯಿತೇ ಎಂದು ನೋಡಲಿಕ್ಕೂ ಈ ಸ್ಟ್ರಿಪ್ ಬಳಸಬಾರದು.

ಮಾಡುವ ಕ್ರಮ ಸರಳ. ಸಣ್ಣ ಟ್ಯೂಬಿಗೆ ಒಂದು ಹನಿ ಸ್ಪೆಸಿಮನ್ ಡೈಲ್ಯೂಯೆಂಟ್ (ಸ್ಯಾಂಪಲ್ ತೆಳುಮಾಡುವ ದ್ರವ), ಅದಕ್ಕೆ 40 ಮೈಕ್ರೋಲೀಟರ್ ಸೀರಂ ಅಥವಾ ಪ್ಲಾಸ್ಮಾ. ಬೆನ್ನುಹುರಿ ದ್ರವಕ್ಕೂ ಇದೇ ಅಳತೆ. ಸ್ಟ್ರಿಪ್‌ನ ಬಾಣದ ಗುರುತು ಕೆಳಮುಖವಾಗಿರುವಂತೆ ಅದ್ದಿ, ಹತ್ತು ನಿಮಿಷಕ್ಕೆ ಓದಿ. ಎರಡು ಗೆರೆ ಮೂಡಿದರೆ ಪಾಸಿಟಿವ್, ಕಂಟ್ರೋಲ್ ಗೆರೆ ಒಂದೇ ಇದ್ದರೆ ನೆಗೆಟಿವ್. ಕಂಟ್ರೋಲ್ ಗೆರೆಯೇ ಇಲ್ಲದಿದ್ದರೆ ಫಲಿತಾಂಶ ರದ್ದು, ಹೊಸ ಸ್ಟ್ರಿಪ್‌ನಲ್ಲಿ ಮತ್ತೆ ಮಾಡಿ. ಟೆಸ್ಟ್ ಗೆರೆ ಎಷ್ಟು ಮಸುಕಾಗಿದ್ದರೂ ಅದು ಗೆರೆಯೇ. ಟೈಮರ್ ಇಡದೆ ಬೇರೆ ಕೆಲಸಕ್ಕೆ ಹೋಗಿ ಅರ್ಧ ಗಂಟೆ ಬಿಟ್ಟು ಓದಿದ ಫಲಿತಾಂಶವನ್ನು ವರದಿಗೆ ಏರಿಸಬೇಡಿ.

ತಪ್ಪು ಹೆಚ್ಚಾಗಿ ಅಳತೆಯಲ್ಲಿ ಆಗುತ್ತದೆ. ಡೈಲ್ಯೂಯೆಂಟ್ ಬಾಟಲಿಯನ್ನು ಓರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ, ನೇರವಾಗಿ ಹಿಡಿಯಿರಿ. 40 ಮೈಕ್ರೋಲೀಟರನ್ನು ಕಣ್ಣಂದಾಜಿನಲ್ಲಿ ಹಾಕಬಾರದು, ಪೈಪೆಟ್ ಬೇಕೇ ಬೇಕು. ಬೆರಳು ಚುಚ್ಚಿ ತೆಗೆದ ರಕ್ತದಲ್ಲೂ ಪರೀಕ್ಷೆ ನಡೆಯುತ್ತದೆ, ಆದರೆ ಆ ಅಳತೆಯನ್ನು ಸರಿಯಾಗಿ ಎತ್ತುವ ಕೈಗೆ ಅಭ್ಯಾಸವಿರಬೇಕು. ಮೂತ್ರದಲ್ಲಿ ಮಾಡಬೇಡಿ. ಸುಳ್ಳು ಪಾಸಿಟಿವ್ ಬರುತ್ತದೆ.

ಸ್ಟ್ರಿಪ್‌ಗಳಿಗೆ ಫ್ರಿಜ್ ಬೇಡ, ಕೋಣೆಯ ತಾಪದಲ್ಲಿ ಇಡಬಹುದು. ಇವುಗಳ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬೈ ಗಾಳಿಯಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟು ಕೂತರೆ ಸ್ಟ್ರಿಪ್ ಕೆಡುತ್ತದೆ. ಬೇಕಾದಷ್ಟನ್ನೇ ತೆಗೆದು ಕೂಡಲೇ ಮುಚ್ಚಿ. ಕಿಟ್‌ನಲ್ಲಿ ಪಾಸಿಟಿವ್ ಕಂಟ್ರೋಲ್ ಬರುತ್ತದೆ: ಒಂದು ಹನಿ ಡೈಲ್ಯೂಯೆಂಟ್‌ಗೆ ಒಂದು ಹನಿ ಕಂಟ್ರೋಲ್. ನೆಗೆಟಿವ್ ಕಂಟ್ರೋಲ್‌ಗೆ ಡೈಲ್ಯೂಯೆಂಟ್‌ನದೇ ಎರಡು ಹನಿ. ಮಳೆಗಾಲದಲ್ಲಿ ಈ ಎರಡನ್ನೂ ಬಿಡಲೇಬೇಡಿ.

ಒಂದು ಬಲೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಪ್ರತಿಜನಕ ವಿಪರೀತ ಹೆಚ್ಚಿದ್ದರೆ ಬಣ್ಣದ ಕಣಕ್ಕೆ ಅಂಟಿದ ಪ್ರತಿಕಾಯಗಳೂ ಗೆರೆಯ ಮೇಲಿನ ಪ್ರತಿಕಾಯಗಳೂ ಬೇರೆಬೇರೆಯಾಗಿ ತುಂಬಿಹೋಗುತ್ತವೆ, ನಡುವೆ ಕೊಂಡಿ ಕೂಡುವುದಿಲ್ಲ. ಗೆರೆ ಮೂಡದೆ ನೆಗೆಟಿವ್‌ನಂತೆ ಕಾಣುತ್ತದೆ. ಇದೇ ಪ್ರೋಝೋನ್. ರೋಗಿ ತಲೆನೋವು, ವಾಂತಿಯಿಂದ ನರಳುತ್ತಿದ್ದು ಸ್ಟ್ರಿಪ್ ಮಾತ್ರ ನೆಗೆಟಿವ್ ಅಂದರೆ, ಸ್ಯಾಂಪಲನ್ನು ತೆಳುಮಾಡಿ ಮತ್ತೆ ಓಡಿಸಿ. ಅತಿ ಹೆಚ್ಚು ರೋಗವಿರುವವರೇ ತಪ್ಪಿಹೋಗುವ ಸ್ಥಳ ಇದು, ಹಾಗಾಗಿ ಈ ಎರಡನೇ ಸ್ಟ್ರಿಪ್‌ಗೆ ಲೆಕ್ಕ ನೋಡಬೇಡಿ.

ಪಾಸಿಟಿವ್ ಬಂದರೆ ಟೈಟರ್ ಮಾಡಿ, ಅಂದರೆ ಸ್ಯಾಂಪಲನ್ನು ಹಂತಹಂತವಾಗಿ ತೆಳುಮಾಡುತ್ತ ಎಲ್ಲಿಯವರೆಗೆ ಪಾಸಿಟಿವ್ ಬರುತ್ತದೆ ನೋಡಿ. ಹತ್ತು ಟ್ಯೂಬ್‌ಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ನಾಲ್ಕು ಹನಿ ಸ್ಪೆಸಿಮನ್ ಡೈಲ್ಯೂಯೆಂಟ್, ಉಳಿದವಕ್ಕೆ ಎರಡೆರಡು ಹನಿ ಟೈಟ್ರೇಶನ್ ಡೈಲ್ಯೂಯೆಂಟ್. ಮೊದಲನೆಯದಕ್ಕೆ 40 ಮೈಕ್ರೋಲೀಟರ್ ಸ್ಯಾಂಪಲ್ ಸೇರಿಸಿ ಕಲಸಿದರೆ 1:5. ಅಲ್ಲಿಂದ 80 ಮೈಕ್ರೋಲೀಟರ್ ಎತ್ತಿ ಎರಡನೆಯದಕ್ಕೆ ಹಾಕಿದರೆ 1:10. ಹೀಗೇ ಮುಂದುವರಿದರೆ ಹತ್ತನೆಯದು 1:2560, ಅದರಿಂದ 80 ಮೈಕ್ರೋಲೀಟರ್ ಎತ್ತಿ ಚೆಲ್ಲಿ. ಬಳಿಕ ಒಂದೊಂದಕ್ಕೂ ಒಂದು ಸ್ಟ್ರಿಪ್. ಸ್ಟ್ರಿಪ್ ಖರ್ಚಾಗುತ್ತದೆ ಎಂಬ ಕೊರಗು ನ್ಯಾಯವೇ, ಆದರೆ ಈ ಸಂಖ್ಯೆ ವೈದ್ಯರ ನಿರ್ಧಾರವನ್ನೇ ಬದಲಿಸುತ್ತದೆ. ರಕ್ತದಲ್ಲಿ 1:160 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಲಕ್ಷಣವಿಲ್ಲದಿದ್ದರೂ, ಮಿದುಳಿಗೆ ಸೋಂಕು ಮುಟ್ಟಿರುವ ಸಾಧ್ಯತೆ ಬಹಳ. ಬಯೋಸಿನೆಕ್ಸ್‌ನ ಕ್ರಿಪ್ಟೋಪಿಎಸ್ ಒಂದೇ ಪಟ್ಟಿಯಲ್ಲಿ ಎರಡು ಟೆಸ್ಟ್ ಗೆರೆ ಇಟ್ಟು ಕಡಿಮೆಯೋ ಹೆಚ್ಚೋ ಎಂಬುದನ್ನು ನೇರವಾಗಿ ಹೇಳುತ್ತದೆ. ಒಬ್ಬರೇ ತಂತ್ರಜ್ಞರಿರುವ ಕೇಂದ್ರಕ್ಕೆ ಆ ಸೌಕರ್ಯ ಇಷ್ಟವಾಗಬಹುದು.

ಇಂಡಿಯಾ ಇಂಕ್ ಸ್ಲೈಡ್ (ಮಸಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಇರುವಾಗ ಇದೇಕೆ ಎನ್ನುವವರು ಇದ್ದಾರೆ. ಆ ಸ್ಲೈಡ್‌ಗೆ ಬೆನ್ನುಹುರಿ ದ್ರವವೇ ಬೇಕು, ರಕ್ತದ ಸ್ಕ್ರೀನಿಂಗ್‌ಗೆ ಅದು ನೆರವಾಗದು. ದ್ರವದಲ್ಲಿ ಶಿಲೀಂಧ್ರ ಕಡಿಮೆ ಇದ್ದಾಗ ಅರ್ಧಕ್ಕಿಂತ ಹೆಚ್ಚು ರೋಗಿಗಳನ್ನು ಬಿಟ್ಟುಬಿಡುತ್ತದೆ. ಅದೇ ದ್ರವದಲ್ಲಿ ಕ್ರ್ಯಾಗ್ ಸ್ಟ್ರಿಪ್‌ನ ಸಂವೇದನೆ (ರೋಗ ಇರುವವರನ್ನು ಹಿಡಿಯುವ ಪ್ರಮಾಣ) ಶೇ 99ರ ಆಸುಪಾಸು. ಹಳೆಯ ಲ್ಯಾಟೆಕ್ಸ್ ಪರೀಕ್ಷೆಗೆ ಸ್ಯಾಂಪಲ್ ಕುದಿಸುವ ಕೆಲಸವಿತ್ತು, ಕಿಟ್ ಫ್ರಿಜ್‌ನಲ್ಲಿರಬೇಕಿತ್ತು.

ಸ್ಟ್ರಿಪ್‌ಗೆ ಒಳ್ಳೆಯ ಅಂಕ ಕೊಟ್ಟ ಮೇಲೂ ವ್ಯವಸ್ಥೆಗೆ ಕೊಡಲಾಗದ ಜಾಗವೊಂದಿದೆ. ಸಿಡಿ4 ವರದಿ ಬಂದ ಮೇಲೆ ರೋಗಿಯನ್ನು ಮತ್ತೆ ಕರೆದು, ಮತ್ತೆ ರಕ್ತ ತೆಗೆದು ಕ್ರ್ಯಾಗ್ ಮಾಡುವ ಪದ್ಧತಿ. ದಿನಗೂಲಿಯವರು ಎರಡನೇ ಸಲ ಬರುವುದಿಲ್ಲ, ಅಷ್ಟರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರು ಸೇರಿರುತ್ತಾರೆ. ಸಿಡಿ4ಗೆ ತಂದ ಇಡಿಟಿಎ ಟ್ಯೂಬಿನಲ್ಲೇ ಮಿಕ್ಕ ಪ್ಲಾಸ್ಮಾ ಇರುತ್ತದೆ. ಎಣಿಕೆ 100ಕ್ಕಿಂತ ಕೆಳಗೆ ಕಂಡ ಕೂಡಲೇ, ಯಾರ ಚೀಟಿಗೂ ಕಾಯದೆ, ಲ್ಯಾಬೇ ಅದರಲ್ಲಿ ಕ್ರ್ಯಾಗ್ ಓಡಿಸಬೇಕು. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಪ್ರಯೋಗಾಲಯ ಸೇವೆ 2016ರಿಂದ ಹೀಗೇ ನಡೆಸುತ್ತಿದೆ. ಇಲ್ಲಿ ಸಿಡಿ4 ಯಂತ್ರ ಒಂದು ಮಹಡಿ, ಕ್ರ್ಯಾಗ್ ಸ್ಟ್ರಿಪ್ ಇನ್ನೊಂದು ಮಹಡಿಯಲ್ಲಿದ್ದರೆ ಮೊದಲು ಅವೆರಡನ್ನೂ ಒಂದೇ ಮೇಜಿಗೆ ತನ್ನಿ.

ಪಾಸಿಟಿವ್ ಬಂದವರಿಗೆ ಮುಂದಿನ ಹೆಜ್ಜೆ ಎಲ್‌ಪಿ (ಬೆನ್ನಿನಿಂದ ಸೂಜಿಯಲ್ಲಿ ದ್ರವ ತೆಗೆಯುವುದು), ಲಕ್ಷಣ ಇಲ್ಲದಿದ್ದರೂ. ನಮ್ಮ ಕಡೆಯವರು ಹಿಂಜರಿಯುವುದು ಇಲ್ಲೇ. “ಸಿಸ್ಟರ್, ಬೆನ್ನಾಗಿನ ನೀರು ತಗದ್ರ ಕಾಲು ಬಿದ್ದು ಹೋಗ್ತಾವಂತಲ್ರೀ?” ಎಂದು ಕೇಳುತ್ತಾರೆ. ಮರಾಠಿಯಲ್ಲೋ ಹಿಂದಿಯಲ್ಲೋ ಸಮಜಾಯಿಷಿ ಕೊಟ್ಟರೆ ತಲೆಯಾಡಿಸಿ ಹೊರಟುಹೋಗುತ್ತಾರೆ. “ಇಲ್ರೀ ಅಣ್ಣಾರ, ನರದ ಹುರಿ ಮ್ಯಾಲೇ ಮುಗೀತೈತಿ, ಸೂಜಿ ಹಾಕೋದು ಅದರ ಕೆಳಗ. ತಲಿನೋವಿದ್ರ, ಒತ್ತಡ ಇಳದ ಮ್ಯಾಲ ಅದೂ ಕಮ್ಮಿ ಆಗ್ತೈತಿ” ಎಂದು ಅವರ ಮಾತಿನಲ್ಲೇ ಹೇಳುವವರು ಆ ಹೊತ್ತಿಗೆ ಪಕ್ಕದಲ್ಲಿರಬೇಕು. ಎಲ್‌ಪಿ ಮಾಡುವಾಗ ಒತ್ತಡ ಅಳೆಯುವುದನ್ನು ಬಿಡಬೇಡಿ. 25 ಸೆಂ.ಮೀ. ನೀರಿನ ಮಟ್ಟಕ್ಕಿಂತ ಹೆಚ್ಚಿದ್ದರೆ ದ್ರವ ತೆಗೆದು ಇಳಿಸಬೇಕು, ಬೇಕಾದರೆ ಮರುದಿನವೂ.

ದ್ರವ ನೆಗೆಟಿವ್ ಇದ್ದರೆ ಫ್ಲುಕೋನಜೋಲ್: ದಿನಕ್ಕೆ 800ರಿಂದ 1200 ಮಿ.ಗ್ರಾಂ. ಎರಡು ವಾರ, 400ರಿಂದ 800 ಎಂಟು ವಾರ, ಆಮೇಲೆ 200. ಮೆಡಿಕಲ್ ಅಂಗಡಿಯಲ್ಲಿ ಕೇಳಿದೊಡನೆ ಸಿಗುವುದು 150ರ ಒಂಟಿ ಮಾತ್ರೆ, ಅದರಿಂದ 800 ಆಗುವುದಿಲ್ಲ. 200ರ ಮಾತ್ರೆ ಎಂದು ಚೀಟಿಯಲ್ಲೇ ಬರೆಯಿರಿ, ಊರಿಗೆ ಹೋಗುವವರಿಗೆ ಪೂರ್ತಿ ಅವಧಿಯದನ್ನು ಕಟ್ಟಿಕೊಡಿ. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಫ್ಲುಕೋನಜೋಲ್‌ನ ಮಟ್ಟ ಇಳಿಯುತ್ತದೆ. ಗರ್ಭಿಣಿಯೇ ಎಂದು ಮೊದಲೇ ಕೇಳಿ. ದ್ರವ ಪಾಸಿಟಿವ್ ಆದರೆ ಅದು ಮೆನಿಂಜೈಟಿಸ್. 2022ರಿಂದ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಹೇಳುವುದು ಲೈಪೋಸೋಮಲ್ ಆಂಫೊಟೆರಿಸಿನ್ ಒಂದೇ ಸಲ ಕಿಲೋಗೆ 10 ಮಿ.ಗ್ರಾಂ., ಜೊತೆಗೆ 14 ದಿನ ಫ್ಲುಸೈಟೋಸಿನ್ ಮತ್ತು ಫ್ಲುಕೋನಜೋಲ್. ಎಆರ್‌ಟಿಯನ್ನು 4ರಿಂದ 6 ವಾರ ತಡೆಹಿಡಿಯಬೇಕು. ಅವಸರದಲ್ಲಿ ಶುರು ಮಾಡಿದರೆ ಸಾವಿನ ಅಪಾಯ ಹೆಚ್ಚುತ್ತದೆ.

ದಾದರ್‌ನ ಕಬೂತರ್‌ಖಾನಾ (ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ಜಾಗ) ಸುದ್ದಿ ಓದಿದವರು ಪಾರಿವಾಳದಿಂದಲೇ ಬಂತೇ ಎಂದು ಕೇಳುತ್ತಾರೆ. ಹಿಕ್ಕೆಯಲ್ಲಿ ಈ ಶಿಲೀಂಧ್ರ ಇರುವುದು ನಿಜ. ಆದರೆ ಇದು ಉಸಿರಿನೊಂದಿಗೆ ಬಹುಜನರ ಒಳಹೊಕ್ಕಿರುತ್ತದೆ, ರೋಗವಾಗುವುದು ಸಿಡಿ4 ಕುಸಿದವರಲ್ಲಿ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡಬೇಕಿಲ್ಲ.

ಈ ಸ್ಟ್ರಿಪ್ ನೆಗೆಟಿವ್ ಎಂದರೆ ಕ್ರಿಪ್ಟೋಕಾಕಸ್ ಇಲ್ಲ ಎಂದಷ್ಟೇ. ಹಿಸ್ಟೋಪ್ಲಾಸ್ಮಾ ಎಂಬ ಇನ್ನೊಂದು ಶಿಲೀಂಧ್ರಕ್ಕೆ ಬೇರೆಯೇ ಪ್ರತಿಜನಕ ಪರೀಕ್ಷೆ ಇದೆ, ಅದಕ್ಕೆ ಮೂತ್ರ ಬೇಕು. ಬಾಯಿಯ ಕ್ಯಾಂಡಿಡಾ ನೋಡಲು ಟಾರ್ಚ್ ಸಾಕು. ಶ್ವಾಸಕೋಶದ ನ್ಯೂಮೋಸಿಸ್ಟಿಸ್ ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ಚೀಟಿಯಲ್ಲಿದೆಯೇ ನೋಡಿ. ಟಿಬಿಗೆ ಮೂತ್ರದ ಲ್ಯಾಮ್ ಪರೀಕ್ಷೆಯನ್ನು ಅದೇ ದಿನ ಮಾಡಿ.