ಸೀಸದ ಬ್ಯಾಟರಿ, ಲಿಥಿಯಂ, ಅದಲು-ಬದಲು ಬ್ಯಾಟರಿ: ಮೂರು ವಿದ್ಯುತ್ ಆಟೊ ಓಡಿಸಿದ ಮೇಲೆ

ಧಾರವಾಡದಲ್ಲಿ ಹದಿಮೂರು ವರ್ಷ ಗ್ಯಾಸ್ ಆಟೊ ಓಡಿಸಿದ ನಾನು 2021ರಲ್ಲಿ ಸೀಸದ ಬ್ಯಾಟರಿಯ ಇ-ರಿಕ್ಷಾ ಕೊಂಡೆ. ಎರಡು ವರ್ಷ ತುಂಬುವುದರೊಳಗೆ ಅದನ್ನು ಮಾರಿ ಲಿಥಿಯಂ ಬ್ಯಾಟರಿಯ ಆಟೊ ತಂದೆ. 2024ರಲ್ಲಿ ತಾಯಿಯ ಚಿಕಿತ್ಸೆಗಾಗಿ ಮೂರು ತಿಂಗಳು ಬೆಂಗಳೂರಿನಲ್ಲಿ ಇರಬೇಕಾಗಿ ಬಂದಾಗ, ಚಿಕ್ಕಪ್ಪನ ಮಗನ ಆಟೊವನ್ನು, ಅಂದರೆ ಖಾಲಿಯಾದ ಬ್ಯಾಟರಿಯನ್ನು ಕೇಂದ್ರದಲ್ಲಿ ಕೊಟ್ಟು ತುಂಬಿದ್ದನ್ನು ಪಡೆಯುವ ಬಗೆಯದನ್ನು, ಸಂಜೆಯ ಪಾಳಿಯಲ್ಲಿ ಓಡಿಸಿದೆ. ಈ ಮೂರರಲ್ಲಿ ನನಗೆ ಹೊಂದಿದ್ದು ಲಿಥಿಯಂ ಆಟೊ. ಮೊದಲೇ ಅದನ್ನು ಕೊಳ್ಳಬೇಕಿತ್ತು ಎಂಬ ಕೊರಗು ಇಂದಿಗೂ ಇದೆ. ಆ ತಪ್ಪಿಗೆ ತೆತ್ತ ಹಣ ಇನ್ನೊಬ್ಬರಿಗಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇ-ರಿಕ್ಷಾ ನನ್ನನ್ನು ಸೆಳೆದದ್ದು ಎರಡು ಲೆಕ್ಕಗಳಿಂದ. ಅದರ ಬೆಲೆ 1,55,000 ರೂಪಾಯಿ. ಆಗ ವಿಚಾರಿಸಿದ್ದ ಲಿಥಿಯಂ ಆಟೊದ ಬೆಲೆ ಅದರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಎರಡನೆಯದು ಸೀಟಿನ ಲೆಕ್ಕ. 2014ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಇ-ರಿಕ್ಷಾದಲ್ಲಿ ಚಾಲಕನನ್ನು ಬಿಟ್ಟು ನಾಲ್ವರು ಕೂರಬಹುದು, ಆಟೊದಲ್ಲಿ ಮೂವರೇ. ತಲೆಗೆ ಹತ್ತು ರೂಪಾಯಿ ಕೊಟ್ಟು ಹೋಗುವವರನ್ನು ನಂಬಿ ದುಡಿಯುವವನಿಗೆ ಒಂದು ಸೀಟು ಹೆಚ್ಚಾದರೆ ಸಂಪಾದನೆಯೂ ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆ ಎಂದು ಎಣಿಸಿದ್ದೆ. ಅದೇ ನಿಯಮ ಇ-ರಿಕ್ಷಾದ ವೇಗವನ್ನು ಗಂಟೆಗೆ 25 ಕಿಲೋಮೀಟರಿಗೆ ಮಿತಿಗೊಳಿಸಿದೆ ಎಂಬುದೂ ಗೊತ್ತಿತ್ತು, ಆದರೆ ಊರೊಳಗೆ ಅದಕ್ಕಿಂತ ವೇಗವಾಗಿ ಯಾರು ಹೋಗುತ್ತಾರೆ ಎಂದು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಧಾರವಾಡ ಸಮತಟ್ಟಾದ ಊರಲ್ಲ ಎಂಬುದೇ ಆ ಲೆಕ್ಕವನ್ನು ಕೆಡಿಸಿತು. ಮಾರುಕಟ್ಟೆಯ ಕಡೆಯಿಂದ ವಿಶ್ವವಿದ್ಯಾಲಯದ ಗುಡ್ಡದತ್ತ ನಾಲ್ವರನ್ನು ಕೂರಿಸಿಕೊಂಡು ಹೊರಟರೆ ಅರ್ಧ ಏರಿನಲ್ಲಿ ಗಾಡಿ ನಡೆದು ಹೋಗುವವರ ವೇಗಕ್ಕೆ ಇಳಿಯುತ್ತಿತ್ತು. ನಿಧಾನವಾಗಿ ಬಳಸಿದರೆ ಸೀಸದ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಕೊಡುತ್ತದೆ. ಏರಿನಲ್ಲಿ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದರೆ ಕೊಡುವುದು ಕಡಿಮೆಯಾಗುತ್ತದೆ. ಜೊತೆಗೆ ತಲಾ ಮೂವತ್ತು ಕಿಲೋ ದಾಟಿದ ನಾಲ್ಕು ಬ್ಯಾಟರಿಗಳ ಭಾರವನ್ನೂ ಆ ಗಾಡಿಯೇ ಹೊರಬೇಕು. ನಾಲ್ಕನೆಯ ಸೀಟಿನಿಂದ ಬಂದ ಲಾಭ, ದಿನಕ್ಕೆ ಕಡಿಮೆಯಾದ ಟ್ರಿಪ್ಪುಗಳಲ್ಲಿ ಕರಗಿಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮುಖ್ಯ ರಸ್ತೆಯ ಹೆಣ್ಣುಮಕ್ಕಳೆಲ್ಲ ಬಸ್ಸಿಗೆ ಹೋದರು. ಬಸ್ಸು ಅವರಿಗೆ ಪುಕ್ಕಟೆ ಆದದ್ದು ಒಳ್ಳೆಯದೇ. ಆದರೆ ನಮಗೆ ಉಳಿದದ್ದು ಬಸ್ ನಿಲ್ದಾಣದಿಂದ ಒಳಬಡಾವಣೆಗಳಿಗೆ ಹೋಗುವ ದಾರಿಗಳು, ಮತ್ತು ಆ ದಾರಿಗಳಲ್ಲೇ ಏರು ಹೆಚ್ಚು.

ಬ್ಯಾಟರಿಯ ಆರೈಕೆಯೂ ಒಂದು ಕೆಲಸವೇ ಆಗಿತ್ತು. ವಾರಕ್ಕೊಮ್ಮೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಬೇಕು, ಚಾರ್ಜ್ ಆಗುವಾಗ ಬರುವ ಆಮ್ಲದ ವಾಸನೆ ಮನೆಯೊಳಗೆ ಬಾರದಂತೆ ಗಾಡಿಯನ್ನು ದೂರ ನಿಲ್ಲಿಸಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಇಷ್ಟು ಮಾಡಿದರೂ ಮೊದಲ ಸೆಟ್ ಹದಿನಾಲ್ಕು ತಿಂಗಳಿಗೆ ಸೋತಿತು. ಹಳೆಯವನ್ನು ವಾಪಸ್ ಕೊಟ್ಟ ಮೇಲೂ ಹೊಸ ಸೆಟ್ಟಿಗೆ 31,000 ರೂಪಾಯಿ ಕೊಟ್ಟೆ, ಅಂದರೆ ತಿಂಗಳಿಗೆ 2,200 ರೂಪಾಯಿ ಬ್ಯಾಟರಿಯ ಸವೆತಕ್ಕೇ ಹೋಯಿತು. ಕರೆಂಟಿನಲ್ಲೂ ಉಳಿತಾಯವಿಲ್ಲ. ಸೀಸದ ಬ್ಯಾಟರಿ ತುಂಬುವಾಗ ಸಾಕಷ್ಟು ವಿದ್ಯುತ್ತು ಬಿಸಿಯಾಗಿಯೇ ಪೋಲಾಗುವುದರಿಂದ, ಲಿಥಿಯಂ ಆಟೊ ನೂರು ಕಿಲೋಮೀಟರ್ ಓಡುವಷ್ಟು ಯೂನಿಟ್‌ಗಳಲ್ಲಿ ಇ-ರಿಕ್ಷಾ ಎಪ್ಪತ್ತು ಓಡಿದರೆ ಹೆಚ್ಚು.

ಲಿಥಿಯಂ ಆಟೊ ತಂದ ದಿನವೇ ಅದೇ ಗುಡ್ಡಕ್ಕೆ ಮೂವರನ್ನು ಕೂರಿಸಿಕೊಂಡು ಹೋಗಿ ನೋಡಿದೆ. ನಡುವೆ ಎಲ್ಲೂ ಉಸಿರು ಕಟ್ಟಲಿಲ್ಲ. ಇಳಿಯುವಾಗ ಮೋಟಾರೇ ಗಾಡಿಯನ್ನು ತಡೆದು ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ, ಬ್ರೇಕ್ ಲೈನರ್‌ಗಳೂ ಹೆಚ್ಚು ಕಾಲ ಬಾಳುತ್ತವೆ. ಆದರೆ ಈ ಮೆಚ್ಚಿನ ಗಾಡಿಯೇ ಮೊದಲ ಬೇಸಿಗೆಯಲ್ಲಿ ನನಗೆ ಹನ್ನೊಂದು ದಿನದ ದುಡಿಮೆ ಕಳೆಯಿತು. ಅದನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಕೊಳ್ಳುವಾಗ ಯಾರೂ ನನಗೆ ಅದನ್ನು ಹೇಳಲಿಲ್ಲ.

ರಾತ್ರಿ ಚಾರ್ಜಿಗೆ ಹಾಕಿ ಮಲಗಿದರೆ ಬೆಳಗ್ಗೆ ನೋಡುವಾಗ ಬ್ಯಾಟರಿ ರಾತ್ರಿ ಇದ್ದಷ್ಟೇ ಇರುತ್ತಿತ್ತು. ಚಾರ್ಜರಿನಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಕೆಲವು ರಾತ್ರಿ ಪೂರ್ತಿ ತುಂಬುತ್ತಿತ್ತು, ಕೆಲವು ರಾತ್ರಿ ಅರ್ಧಕ್ಕೇ ನಿಲ್ಲುತ್ತಿತ್ತು. ಹೀಗಾಗಿ ಯಾವುದನ್ನು ಶಂಕಿಸಬೇಕು ಎಂಬುದೇ ತಿಳಿಯಲಿಲ್ಲ. ಮೂರು ಬಾರಿ ಗಾಡಿಯನ್ನು ಸರ್ವಿಸ್‌ಗೆ ಒಯ್ದೆ. ಮೂರು ಬಾರಿಯೂ ಅಲ್ಲಿನ ಪ್ಲಗ್ಗಿಗೆ ಸಿಕ್ಕಿಸಿದ ಕೂಡಲೇ ಸರಿಯಾಗಿ ತುಂಬಿತು. ಎರಡನೆಯ ಬಾರಿ ಚಾರ್ಜರನ್ನೇ ಬದಲಿಸಿ ಕೊಟ್ಟರು, ಆದರೂ ಮನೆಗೆ ಬಂದರೆ ಅದೇ ಕೆಂಪು ದೀಪ. ಕಂತಿನ ದಿನ ಹತ್ತಿರ ಬರುತ್ತಿತ್ತು. ಹಳೆಯ ಇ-ರಿಕ್ಷಾ ಇದೇ ಪ್ಲಗ್ಗಿನಲ್ಲಿ ಎರಡು ವರ್ಷ ತಕರಾರಿಲ್ಲದೆ ತುಂಬಿತ್ತಲ್ಲ ಎಂದು ಮನೆಯಾಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಓಣಿಯ ಎಲೆಕ್ಟ್ರಿಷಿಯನ್ ಒಬ್ಬರು ಟೆಸ್ಟ್ ಬಲ್ಬ್ ತಂದು ಫೇಸ್ ಮತ್ತು ನ್ಯೂಟ್ರಲ್‌ಗೆ ಹಿಡಿದರು, ಪೂರ್ಣವಾಗಿ ಉರಿಯಿತು. ಫೇಸ್ ಮತ್ತು ಅರ್ಥಿಂಗ್‌ಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿಗೆ, ಹಿಡಿದಾಗ ಬಲ್ಬಿನ ತಂತಿ ಸ್ವಲ್ಪ ಕೆಂಪಾಯಿತು, ಅಷ್ಟೆ. "ಗಾಡಿಗೇನೂ ಆಗಿಲ್ರೀ ಅಣ್ಣಾ, ಜಡ್ಡು ಮನೀಗೆ ಬಂದೈತಿ" ಎಂದರು. ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ, ಪೈಪು ತುಕ್ಕು ಹಿಡಿದಿತ್ತು. ಲಿಥಿಯಂ ಆಟೊದ ಚಾರ್ಜರು ಅರ್ಥಿಂಗ್ ಸರಿಯಿಲ್ಲದಿದ್ದರೆ ಸುರಕ್ಷತೆಗಾಗಿ ತಾನಾಗಿಯೇ ನಿಲ್ಲುತ್ತದೆ. ಇ-ರಿಕ್ಷಾದ ಅಗ್ಗದ ಚಾರ್ಜರಿಗೆ ಆ ಪರೀಕ್ಷೆಯೇ ಇಲ್ಲ. ಎರಡು ವರ್ಷ ಅದು ತಕರಾರಿಲ್ಲದೆ ತುಂಬಿತ್ತೆಂದರೆ, ಶಾಕ್ ಹೊಡೆಯುವ ಅಪಾಯವನ್ನು ಅಂಗಳದಲ್ಲಿಟ್ಟುಕೊಂಡೇ ನಾವು ಮಲಗುತ್ತಿದ್ದೆವು ಎಂದರ್ಥ. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಮನೆ ಬಾಡಿಗೆಯದು. ಮಾಲೀಕರನ್ನು ನಾವು ಕಾಕಾ ಎಂದೇ ಕರೆಯುತ್ತೇವೆ. ಅವರು ಗುಂಡಿ ತೋಡಲು ಒಪ್ಪಿದರು, ಖರ್ಚು ನನ್ನದು. ಹೊಸ ಜಿಐ (ಸತುವಿನ ಲೇಪದ ಕಬ್ಬಿಣದ) ಪೈಪು, ಇದ್ದಿಲು, ಉಪ್ಪು, ತಂತಿ, 16 ಆಂಪಿಯರಿನ ಸಾಕೆಟ್ಟು, ಅದಕ್ಕೆಂದೇ ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿಯೇ ಕಡಿಯುವ ಸ್ವಿಚ್), ಕೂಲಿ ಎಲ್ಲ ಸೇರಿ 5,800 ರೂಪಾಯಿಯಾಯಿತು. ಅಂದಿನಿಂದ ಒಂದು ರಾತ್ರಿಯೂ ಚಾರ್ಜಿಂಗ್ ತಪ್ಪಿಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಒಂದು ಕೊಡ ನೀರು ಹಾಕುತ್ತೇನೆ. ಗಾಡಿ ಬುಕ್ ಮಾಡುವ ಮೊದಲು ಐದು ನಿಮಿಷದ ಟೆಸ್ಟ್ ಬಲ್ಬ್ ಪರೀಕ್ಷೆ ಮಾಡಿಸಿದ್ದರೆ ಆ ಹನ್ನೊಂದು ದಿನಗಳು ಉಳಿಯುತ್ತಿದ್ದವು.

ಅದಲು-ಬದಲು ಬ್ಯಾಟರಿಯ ಆಟೊದಲ್ಲಿ ಈ ತಾಪತ್ರಯ ಯಾವುದೂ ಇಲ್ಲ. ಬ್ಯಾಟರಿಯಿಲ್ಲದೆಯೇ ವಿದ್ಯುತ್ ವಾಹನವನ್ನು ನೋಂದಾಯಿಸಲು ಕೇಂದ್ರ ಸರ್ಕಾರ 2020ರಲ್ಲಿ ಅವಕಾಶ ಕೊಟ್ಟಿತು, ಆದ್ದರಿಂದ ಅಂತಹ ಗಾಡಿಗೆ ಕೊಡಬೇಕಾದ ಮೊದಲ ಹಣವೂ ಕಡಿಮೆ. ಪದ್ಧತಿ ಹೊಸದೇನಲ್ಲ. ಕಠ್ಮಂಡುವಿನಲ್ಲಿ ಹೊಗೆ ಕಾರುವ ಡೀಸೆಲ್ ಟೆಂಪೊಗಳ ಬದಲಿಗೆ 1990ರ ದಶಕದಲ್ಲೇ ಬಂದ ಸಫಾ ಟೆಂಪೊಗಳು ಸೀಸದ ಬ್ಯಾಟರಿಗಳನ್ನು ಹಗಲಿನಲ್ಲೇ ಬದಲಿಸಿಕೊಂಡು ಓಡುತ್ತಿದ್ದವು. ಅವುಗಳನ್ನು ಓಡಿಸಿ ಸಂಸಾರ ಸಾಕಿದ ಹೆಣ್ಣುಮಕ್ಕಳು ಅನೇಕರು. ಬೆಂಗಳೂರಿನಲ್ಲಿ ಬ್ಯಾಟರಿ ಬದಲಿಸಲು ಮೂರು ನಿಮಿಷ ಸಾಕಾಗುತ್ತಿತ್ತು. ಆದರೆ ಸಂಜೆ ಆರರಿಂದ ಎಂಟರವರೆಗೆ, ದುಡಿಮೆಯ ಹೊತ್ತಿನಲ್ಲೇ, ಕೇಂದ್ರದ ಮುಂದೆ ಸಾಲು ಇರುತ್ತಿತ್ತು, ಅಲ್ಲಿಗೆ ಹೋಗಲು ಖಾಲಿ ಗಾಡಿ ಓಡಿಸಬೇಕಿತ್ತು. ಚಿಕ್ಕಪ್ಪನ ಮಗನಿಗೆ ಅದೇ ಸರಿ: ಅವನ ಕೋಣೆ ಮೂರನೆಯ ಮಹಡಿಯಲ್ಲಿದೆ, ಗಾಡಿ ರಸ್ತೆಯಲ್ಲಿ ನಿಲ್ಲುತ್ತದೆ, ಎರಡು ಪಾಳಿಯಲ್ಲಿ ದಿನಕ್ಕೆ 150 ಕಿಲೋಮೀಟರ್ ಓಡುತ್ತದೆ. ನನ್ನ ಸವಾರಿ ದಾರಿಗಳಲ್ಲಿ ಅಂತಹ ಕೇಂದ್ರ ಒಂದೂ ಇಲ್ಲದಿರುವುದರಿಂದ ನನಗೆ ಆ ಆಯ್ಕೆಯೇ ಇಲ್ಲ.

ಮಳೆಯಲ್ಲಿ ಲಿಥಿಯಂ ಆಟೊ ತೊಂದರೆ ಕೊಟ್ಟಿಲ್ಲ. ಇಂಜಿನ್ನಿನ ನಡುಕವಿಲ್ಲದ್ದರಿಂದ ಸೊಂಟದ ನೋವು ಕಡಿಮೆಯಾಗಿದೆ.

ನನ್ನ ದಿನ ಬೆಳಗ್ಗೆ ಏಳಕ್ಕೆ ಶುರುವಾಗಿ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ; ಓಟ ತೊಂಬತ್ತು ಕಿಲೋಮೀಟರ್. ಊಟದ ಹೊತ್ತಿನಲ್ಲಿ ಒಂದು ಗಂಟೆ ಚಾರ್ಜಿಗೆ ಹಾಕಿದರೆ ಸಂಜೆಯ ಚಿಂತೆಯಿರುವುದಿಲ್ಲ. ಆಟೊಗೆ ಸಬ್ಸಿಡಿ ಕಳೆದು 3,30,000 ರೂಪಾಯಿ ಬಿತ್ತು. ಇ-ರಿಕ್ಷಾ ಮಾರಿದ ಹಣ ಹಾಕಿ ಉಳಿದದ್ದಕ್ಕೆ ನಾಲ್ಕು ವರ್ಷದ ಸಾಲ ಮಾಡಿದೆ, ಕಂತು ಏಳು ಸಾವಿರದ ಸಮೀಪ. ಗ್ಯಾಸಿಗೆ ದಿನಕ್ಕೆ 320 ರೂಪಾಯಿ ಹೋಗುತ್ತಿದ್ದ ಕಡೆ ಈಗ ಕರೆಂಟಿಗೆ ಎಪ್ಪತ್ತರೊಳಗೆ ಹೋಗುತ್ತದೆ. ಇಪ್ಪತ್ತಾರು ದಿನದ ದುಡಿಮೆಯಲ್ಲಿ ಉಳಿಯುವ 6,500 ರೂಪಾಯಿ ಕಂತಿನ ಬಹುಪಾಲನ್ನು ಕಟ್ಟುತ್ತದೆ. ಇದೇ ಕಾರಣದಿಂದ ಪ್ರಯಾಣಿಕರಿಗೆ ಹತ್ತು ರೂಪಾಯಿಯ ದರವನ್ನು ನಾನು ಏರಿಸಿಲ್ಲ. ಸಮತಟ್ಟಾದ ಊರಿನಲ್ಲಿ ದಿನಕ್ಕೆ ನಲವತ್ತು-ಐವತ್ತು ಕಿಲೋಮೀಟರ್ ಓಡಿಸುವವರಿಗೆ, ಸಾಲ ಹುಟ್ಟದವರಿಗೆ, ಇ-ರಿಕ್ಷಾ ಸಾಕಾಗಬಹುದು. ಆದರೆ ಅವರು ಮೊದಲ ತಿಂಗಳಿನಿಂದಲೇ ಹೊಸ ಬ್ಯಾಟರಿಗೆಂದು 2,200 ರೂಪಾಯಿ ಎತ್ತಿಡಬೇಕು. ಹೆಂಡತಿಯ ತಮ್ಮನಿಗೂ ನಾನು ಲಿಥಿಯಂ ಆಟೊವನ್ನೇ ಕೊಡಿಸುತ್ತಿದ್ದೇನೆ. ಬುಕಿಂಗ್ ಇನ್ನೂ ಆಗಿಲ್ಲ. ಅವನ ಮನೆಯ ಅರ್ಥಿಂಗ್ ಗುಂಡಿಯ ಕೆಲಸ ಕಳೆದ ಭಾನುವಾರ ಮುಗಿಯಿತು.