ಒಂದೇ ಸಲದ ಸಮೀಕ್ಷೆ, ನೆನಪಿನ ಸಂದರ್ಶನ, ಕೋಹಾರ್ಟ್: ನಾನು ಕೋಹಾರ್ಟ್ ಬಿಡುವುದಿಲ್ಲ

ಧಾರವಾಡದಲ್ಲಿ ಸಮಾಜಶಾಸ್ತ್ರದ ಪಿಎಚ್.ಡಿ.ಗೆ ಸೇರಿದಾಗ ಆರಿಸಿಕೊಂಡ ವಿಷಯ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಹುಡುಗಿಯರು ಎಸ್ಸೆಸ್ಸೆಲ್ಸಿ ಆದಮೇಲೆ ಓದು ಬಿಡುವುದು. ಮೊದಲು ಮಾಡಿದ್ದು ಒಂದೇ ಸಲದ ಸಮೀಕ್ಷೆ. ಬೇಸಿಗೆಯೆಲ್ಲ ಪ್ರಶ್ನಾವಳಿ ತುಂಬಿಸಿದೆ. ಮದುವೆಯ ಬಗ್ಗೆ ಇಪ್ಪತ್ತರವರ ಮಾತು ಒಂದು, ನಲವತ್ತರವರದು ಇನ್ನೊಂದು. ಆ ವ್ಯತ್ಯಾಸ ವಯಸ್ಸಿನದೋ, ಹುಟ್ಟಿ ಬೆಳೆದ ಕಾಲದ್ದೋ? ಬಿಡಿಸಲಾಗಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಿಂದ ಸುತ್ತು ಸುತ್ತಾಗಿ ನಡೆದರೂ ಪ್ರತಿ ಸುತ್ತಿಗೆ ಮನೆಗಳು ಬೇರೆ. ಅದರಲ್ಲಿ ಜಿಲ್ಲೆಯ ಬದಲಾವಣೆ ಕಾಣುತ್ತದೆ, ಒಬ್ಬ ಹುಡುಗಿಯ ಬದುಕು ಕಾಣುವುದಿಲ್ಲ.

ಹಿಂದಿನದನ್ನು ನೆನಪಿಸಿ ಹೇಳಿಸುವ ಸಂದರ್ಶನ ಅಗ್ಗ, ಬೇಗ ಮುಗಿಯುತ್ತದೆ. ಅದರ ಮೇಲಿನ ನಂಬಿಕೆ ಹೋದದ್ದು ಕೋಹಾರ್ಟ್, ಅಂದರೆ ಒಂದೇ ಗುಂಪಿನವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ, ಶುರುಮಾಡಿದ ಮೇಲೆ. 2022ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ಒಂದೇ ಶಾಲೆಯ ಹುಡುಗಿಯರನ್ನು ವರ್ಷವರ್ಷ ಮಾತಾಡಿಸುತ್ತ ಬಂದೆ. ಒಬ್ಬಳು ಆಗ, "ನಾ ನರ್ಸ್ ಆಗಾಕಿರಿ" ಅಂದಿದ್ದಳು. ಮೂರನೇ ವರ್ಷ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ನನಗ ಮೊದಲಿಂದನೂ ಸಾಲಿ ಅಂದ್ರ ಬ್ಯಾಸರರಿ ಅಕ್ಕಾರ" ಅಂದಳು. ಸುಳ್ಳು ಹೇಳಲಿಲ್ಲ, ನೆನಪೇ ಹಾಗೆ ತಿರುಗಿತ್ತು. ಆ ದಿನವಷ್ಟೇ ಮಾತಾಡಿಸಿದ್ದರೆ ಕಾರಣದ ಕಾಲಂನಲ್ಲಿ 'ಆಸಕ್ತಿ ಇಲ್ಲ' ಎಂದು ಬರೆದು ಎದ್ದು ಬರುತ್ತಿದ್ದೆ.

ಕೋಹಾರ್ಟ್‌ನಲ್ಲಿ ನನ್ನನ್ನು ಅಳಿಸಿದ್ದು ಫೋನ್ ನಂಬರು. ಹುಡುಗಿಯ ನಂಬರೆಂದು ಬರೆದುಕೊಂಡದ್ದು ಅಪ್ಪನದೋ ಅಣ್ಣನದೋ ಆಗಿರುತ್ತದೆ. ಮದುವೆಯಾದರೆ ಆ ನಂಬರಿಗೂ ಅವಳಿಗೂ ಸಂಬಂಧವಿಲ್ಲ. "ಆಕಿ ಗಂಡನ ಮನ್ಯಾಗ ಅದಾಳ್ರಿ" ಎಂದು ಇಟ್ಟುಬಿಡುತ್ತಾರೆ. ಗಂಡನ ಮನೆಗೆ ನೇರ ಹೋದರೆ ಅತ್ತೆಯ ಎದುರು ಅವಳು ಬಾಯಿ ಬಿಡುವುದಿಲ್ಲ.

ಹೋಗಲಿ, ನಾಲ್ಕು ಜನ ಕಡಿಮೆಯಾದರು ಎನ್ನುವಂತಿಲ್ಲ. ಕೈತಪ್ಪುವವರು ಬೇಗ ಮದುವೆಯಾದವರು, ಸಿಗುವವರು ಪಿಯುಸಿಗೆ ಹೋಗುತ್ತಿರುವವರು. ಸಿಕ್ಕವರದಷ್ಟೇ ಕೋಷ್ಟಕ ಹಾಕಿದರೆ ಊರಲ್ಲಿ ಎಲ್ಲರೂ ಓದುತ್ತಿದ್ದಾರೆ ಎಂದು ಬರುತ್ತದೆ. ಎರಡನೇ ವರ್ಷ ನನಗೆ ಹಾಗೇ ಬಂದಿತ್ತು.

1946ರ ಮಾರ್ಚ್‌ನ ಒಂದೇ ವಾರದಲ್ಲಿ ಹುಟ್ಟಿದವರನ್ನು ಬ್ರಿಟನ್ನಿನಲ್ಲಿ ಮುಪ್ಪಿನವರೆಗೂ ಹಿಂಬಾಲಿಸಿದ್ದಾರೆ. ಸಂಪರ್ಕ ತಪ್ಪದಿರಲೆಂದು ಅವರಿಗೆ ಹುಟ್ಟುಹಬ್ಬದ ಕಾರ್ಡು ಕಳಿಸುತ್ತಾರೆ. ನನಗೆ ದಾರಿ ತೋರಿಸಿದವಳು ಒಬ್ಬ ಹುಡುಗಿಯ ಅವ್ವ: "ಪಂಚಮಿಗೆ ಬರ್ರಿ, ತವರಿಗೆ ಬಂದಿರ್ತಾಳ." ನಾಗರಪಂಚಮಿಯ ವಾರಕ್ಕೇ ಸುತ್ತು ಇಟ್ಟುಕೊಂಡೆ. ಜೋಕಾಲಿ ಕಟ್ಟಿದ ಮರದ ಕೆಳಗೆ, ಉಂಡಿ ತಿನ್ನುತ್ತ, ಎರಡು ವರ್ಷ ಸಿಗದವರೂ ಮನಸ್ಸು ಬಿಚ್ಚಿ ಮಾತಾಡಿದರು. ಈಗ ಮೊದಲು ಬರೆದುಕೊಳ್ಳುವುದು ಅವ್ವನ ನಂಬರು, ಆಮೇಲೆ ಆಶಾ ಕಾರ್ಯಕರ್ತೆಯದು.

ಖರ್ಚು ಕೋಹಾರ್ಟ್‌ಗೇ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸಿನ ಹಣ ಉಳಿಯಿತು, ಇಲ್ಲವಾದರೆ ನನ್ನ ಫೆಲೋಶಿಪ್ ಸಾಲುತ್ತಿರಲಿಲ್ಲ. ಆರು ತಿಂಗಳಲ್ಲಿ ಎಂ.ಎ. ಪ್ರಬಂಧ ಮುಗಿಸಬೇಕಾದವರು ನೆನಪಿನ ಸಂದರ್ಶನವನ್ನೇ ಹಿಡಿಯಲಿ. ನನಗಿನ್ನೂ ಸಮಯವಿದೆ, ಹಳ್ಳಿ ತಿರುಗುವುದೂ ಇಷ್ಟ. ಬರುವ ಪಂಚಮಿಗೂ ಹೊರಟಿದ್ದೇನೆ. ನರ್ಸ್ ಆಗುತ್ತೇನೆ ಅಂದವಳೂ ಬರುತ್ತಾಳೆಂದು ಅವಳವ್ವ ಫೋನ್ ಮಾಡಿದ್ದಾಳೆ.